ತಕ್ಕಡಿ ಬರೋ ಮೊದ್ಲೇ

ಅಪ್ಪಾ,

ನಿನ್ನೆ ಟ್ರೆಂಟ್ ನದೀಲಿ ಮೀನು ಹಿಡಿಯೋ ಪಂದ್ಯದಲ್ಲಿ ಗೆದ್ದಿದ್ದು ನಾನಾ, ನೀನಾ? ನಂಗೆ ಅರ್ಥ ಆಗ್ತಿಲ್ಲ. ಪಕ್ಕದಲ್ಲೇ ಗಾಳ ಹಾಕ್ಕೊಂಡು ಕೂತಿದ್ದೆ, ಹಿಡಿದ ಮೀನು ನೀರಲ್ಲೇ ಕೂಡಿಡೋ ನಿನ್ನ ಬಲೆ ತುಂಬಿದ್ದು ಕಣ್ಣಾರೆ ನೋಡಿದೀನಿ. ತಕ್ಕಡಿ ಬರೋ ಮೊದ್ಲೇ ಎಲ್ಲಾ ಮೀನೂ ನದಿಗೆ ಯಾಕೆ ಸುರಿದೆ? ತೂಗದಿದ್ರೆ ಲೆಕ್ಕಕ್ಕಿಲ್ಲ ಅಂತ ಕಲಿಸಿದ್ದೇ ನೀನು.

"ನಿಮ್ಮಪ್ಪನ ಕೈ ಚಳಿಗೆ ಮರಗಟ್ಟಿ ಬಲೆ ಜಾರ್ತಂತೆ ಕಣೋ. ಕಪ್ ತಗೊಂಡು ಬಾಯ್ಮುಚ್ಕೊಂಡು ಹೋಗು" ಅಂದ, ತೂಕ ಹಾಕೋ ನೆವಿಲ್. ಎಲ್ಲಾರೂ ನಕ್ರು.

ನೀನು ಮನೆ ಬಿಟ್ಟು ಹೋದ್ಮೇಲೆ ನನ್ನತ್ರ ಒಂದು ಮಾತೂ ಆಡಿಲ್ಲ. ಈಗ ಇದೇ ನೀನು ಕ್ಷಮೆ ಕೇಳೋ ರೀತಿನಾ, ಇಲ್ಲಾ ನನ್ನ ಕೈಲಿ ಗೆಲ್ಲಕ್ಕಾಗಲ್ಲ ಅಂತ ಹೀಗೆ ಮಾಡಿದ್ಯಾ? ಅಮ್ಮ ಕಪ್ಪನ್ನ ಕಿಟಕೀಲಿ ಇಟ್ಟಿದಾಳೆ. ಅವಳಿಗೆ ಏನ್ ಹೇಳ್ಲಿ?

ಮುಂದಿನ ಭಾನುವಾರ ಬಾ. ಮೀನು ತೂಗ್ಸು. ನನ್ನ ಸರಿಯಾಗಿ ಸೋಲ್ಸು. ಟೀ ನಾನು ತರ್ತೀನಿ.

ನಿನ್ನ ಮಗ,
ಡಾರಿಲ್