ಎರಡನೇ ಬದಿಯ ಕೊನೆಯಲ್ಲಿ

ಮೆಂಫಿಸ್
ಮಾರ್ಚ್ 6, 1979

ಅಮ್ಮಾ,

ಮೊದಲು ಕುಳಿತುಕೋ. ಶಾಲೆಯ ಅಡುಗೆಮನೆಯಲ್ಲಿ ನಿಂತುಕೊಂಡೇ ಓದಬೇಡ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಅಚ್ಚುಮನೆಯಲ್ಲಿ ಕೆಲಸಕ್ಕಿದ್ದೇನೆ ಎಂದು ಬರೆದಿದ್ದು ಸುಳ್ಳು. ಐದು ತಿಂಗಳಿಂದ ಎಲ್ವುಡ್ ಪ್ರೇಟರ್ ಹತ್ತಿರ ಇದ್ದೇನೆ. ಹೌದು, ಅದೇ ಪ್ರೇಟರ್. 1966ರಲ್ಲಿ ನಿನ್ನ ಎಂಟು ಹಾಡು ರೆಕಾರ್ಡ್ ಮಾಡಿಸಿ ಒಂದನ್ನೂ ಹೊರಗೆ ಬಿಡದ ಕಂಪನಿಯ ಮುಖ್ಯಸ್ಥ. ಇಪ್ಪತ್ತಾರು ವರ್ಷ ಕೂತಿದ್ದ ಆ ಕುರ್ಚಿ ಬಿಟ್ಟು, ಮುಚ್ಚಿಹೋದ ಕ್ಷೌರದಂಗಡಿಯೊಂದರಲ್ಲಿ ಸ್ವಂತ ರೆಕಾರ್ಡ್ ಸಂಸ್ಥೆ ತೆರೆದಿದ್ದಾನೆ.

ಅವನ ಬಾಗಿಲಿಗೆ ನನ್ನ ಕರಪತ್ರ ಅಂಟಿಸಲು ಹೋಗಿದ್ದೆ. ಹಾಡು ಹಾಡಿದವರ ಸ್ವತ್ತು, ಕಂಪನಿಯದ್ದಲ್ಲ ಎಂದು ಬರೆದಿದ್ದೆ. ಕ್ಷೌರದ ಕುರ್ಚಿಯಲ್ಲಿ ಕೂತು ಪೂರ್ತಿ ಓದಿದ. "ಬೈಯೋದು ಚೆನ್ನಾಗಿ ಬರುತ್ತೆ ನಿಂಗೆ. ಒಪ್ಪಂದ ಬರೆಯೋಕೆ ಬರುತ್ತಾ?" ಎಂದ. ಬರೆದೆ. ಹಾಡಿದವರು ಒಪ್ಪದೆ ಒಂದು ಸಾಲೂ ಹೊರಗೆ ಹೋಗಕೂಡದು ಎಂಬುದೇ ಮೊದಲ ಷರತ್ತು. ಒಂದಕ್ಷರ ತಿದ್ದದೆ ಸಹಿ ಹಾಕಿದ. ಅಂದು ನಾನು ಅವನನ್ನು ನಂಬಿದೆ ಅಮ್ಮ.

ಕಂಪನಿ ಕಸಕ್ಕೆ ಹಾಕಲಿದ್ದ ಟೇಪುಗಳನ್ನು ಅವನು ಕಾರಿನಲ್ಲಿ ತುಂಬಿಕೊಂಡು ತಂದಿದ್ದ. ಅವುಗಳಲ್ಲಿ ನಿನ್ನ ಡಬ್ಬಿ ಸಿಕ್ಕಿತು. ಮೇಲೆ ನಿನ್ನ ತವರಿನ ಹೆಸರು, ವರ್ಲೀನ್ ಟಾಲಿವರ್. ಮಗಳೆಂದು ಹೇಳಿಕೊಳ್ಳದೆ, ನಮ್ಮ ಮೊದಲ ರೆಕಾರ್ಡ್ ಇದೇ ಆಗಬೇಕೆಂದು ಹಟ ಹಿಡಿದೆ. ಅವನ ಮುಖದ ಕಳೆ ಇಳಿಯಿತು. "ಅದೊಂದು ಬೇಡ ಕಣಮ್ಮ" ಎಂದ. ನಾನು ಬಿಡಲಿಲ್ಲ. ಕೊನೆಗೆ, "ಸರಿ, ಆಕೆಯ ಒಪ್ಪಿಗೆ ತರಿಸು" ಎಂದ.

ಇಂದು ಮಧ್ಯಾಹ್ನ ಕಾರ್ಖಾನೆಯಿಂದ ರೆಕಾರ್ಡಿನ ಮಾದರಿ ತಟ್ಟೆ ಬಂತು. ಐನೂರು ಪ್ರತಿ ಒತ್ತುವ ಮೊದಲು, ಗೀರು, ಚಟಪಟ ಸದ್ದು ಏನಾದರೂ ಇದೆಯೇ ಎಂದು ಒಬ್ಬರು ಕೊನೆಯ ತನಕ ಕೇಳಲೇಬೇಕು. ಆ ಕೆಲಸ ನನ್ನದು. ಎರಡನೇ ಬದಿಯಲ್ಲಿ ನಿನ್ನ ಕೊನೆಯ ಹಾಡು ಮುಗಿಯಿತು. ಕಣ್ಣೊರೆಸಿಕೊಂಡು ಮುಳ್ಳು ಎತ್ತಲು ಕೈ ಚಾಚಿದೆ. ಆಗ, ಮೌನ ಇರಬೇಕಾದ ಕಡೆ, ಒಂದು ಗಂಡಸಿನ ದನಿ ಬಂತು:

"ಅಬ್ಬಬ್ಬಾ! ಇವಳನ್ನ ಹೊರಗೆ ಬಿಟ್ರೆ ನಮ್ಮ ಜೆನೀವಾನ ಯಾರು ಕೇಳ್ತಾರೆ? ಡಬ್ಬಿಗೆ ಹಾಕಿ ಬೀಗ ಹಾಕು. ಗಂಟಲು ಸಾಲದು ಅಂತ ಹೇಳಿ ಕಳಿಸು."

ಜೆನೀವಾ ಆಗ ಕಂಪನಿಯ ಹಾಡುಗಾರ್ತಿಯರ ರಾಣಿ. ದನಿ ಪ್ರೇಟರನದು.

ನಾಲ್ಕು ಸಲ ಹಾಕಿ ಕೇಳಿದೆ. ಆ ಬೇಸಿಗೆಯಿಡೀ ನೀನು ನಿನ್ನ ಹಾಡು ಬರಬಹುದೆಂದು ರೇಡಿಯೋ ಹಚ್ಚಿಟ್ಟು ಇಸ್ತ್ರಿ ಮಾಡುತ್ತಿದ್ದೆ. ನನಗೆ ಏಳು ವರ್ಷ. ಕಂಪನಿಯಿಂದ ಸುದ್ದಿ ಬಂದ ದಿನ ನೀನು ರೇಡಿಯೋ ಆರಿಸಿ, "ನನ್ನ ಗಂಟಲೇ ಸಾಲದು ಕಣೇ" ಎಂದೆ. ಚರ್ಚಿನಲ್ಲಿ ಹಾಡುವಾಗಲೂ ಹಿಂದಿನ ಸಾಲಿಗೆ ಹೋಗಿ ನಿಂತೆ.

ಸಾಲದ್ದಲ್ಲ ಅಮ್ಮ. ಹೆಚ್ಚಾಗಿತ್ತು.

ಅವನ ಮುಂದೆ ತಟ್ಟೆ ಎತ್ತಿ ಹಿಡಿದು, "ನಾನು ವರ್ಲೀನ್ ಮಗಳು. ಇದನ್ನ ತೆಗೆಸೋಕೆ ಮರೆತ್ರಾ?" ಎಂದು ಕೂಗಿದೆ. ಅವನು ಕುರ್ಚಿಯಿಂದ ಏಳಲಿಲ್ಲ.

"ಮರೀಲಿಲ್ಲ. ಹದಿಮೂರು ವರ್ಷದಿಂದ ಮರೀಲಿಲ್ಲ. ಕಾರ್ಖಾನೇಲಿ ಪಕ್ಕದಲ್ಲೇ ಕೂತು, ಅದನ್ನೂ ಹಾಗೇ ಉಳಿಸು ಅಂತ ನಾನೇ ಹೇಳ್ದೆ. ಬಾಯಿಬಿಟ್ಟು ಹೇಳೋಕೆ ನನ್ನ ಕೈಲಿ ಆಗಲ್ಲ. ಈ ತಟ್ಟೆ ಅವಳಿಗೆ ಕಳಿಸು. ಇದು ಕೇಳಿದ ಮೇಲೆ ಅವಳು ಹೂಂ ಅಂದ್ರೆ ಒತ್ತಿಸೋಣ. ಸಹಿ ಏನೋ ಬಂದಿದೆ. ಆದ್ರೆ ಅದು ಇದನ್ನ ಕೇಳಿ ಹಾಕಿದ ಸಹಿ ಅಲ್ಲ."

ಸಹಿ ಎಂಬ ಮಾತು ಕೇಳಿದ್ದೇ ತಟ್ಟೆಯನ್ನು ಎತ್ತಿಕೊಂಡು ಹೊರಗೆ ಬಂದೆ.

ತಟ್ಟೆ ಇದರ ಜೊತೆಗಿದೆ. ಒಬ್ಬಳೇ ಕೇಳಬೇಡ, ಚಿಕ್ಕಮ್ಮನನ್ನು ಕರೆದುಕೋ.

ನಿನ್ನ ಮಗಳು,
ಓಪಲ್

ಮರೆತಿಲ್ಲ, ಆದರೂ ಕೊನೆಗೆ ಬರೆಯುತ್ತಿದ್ದೇನೆ: ಅವನಿಗೆ ತೋರಿಸಿದ ಒಪ್ಪಿಗೆ ಪತ್ರದಲ್ಲಿ ನಿನ್ನ ಸಹಿ ಹಾಕಿದವಳು ನಾನು. ನಿನ್ನನ್ನು ಕೇಳದೆ ನಿನ್ನ ಹಾಡಿನ ಗತಿ ನಿರ್ಧರಿಸಿದವರು ಈಗ ಇಬ್ಬರು. ಅವನಿಗೆ ಇನ್ನೂ ಹೇಳಿಲ್ಲ, ನಾಳೆ ಹೇಳುತ್ತೇನೆ. ಆ ಪತ್ರವನ್ನು ಹರಿದು ಚೂರುಗಳನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ. ಹೊಸದೊಂದು ಒಪ್ಪಿಗೆ ಪತ್ರವೂ ಇದೆ, ಸಹಿಯ ಜಾಗ ಖಾಲಿ ಬಿಟ್ಟಿದ್ದೇನೆ. ಬೇಡವೆನಿಸಿದರೆ ಖಾಲಿಯೇ ವಾಪಸು ಕಳಿಸು.