ಮೆಟ್ಟಿಲ ತಿರುವಿನ ಬೆಂಚು

ಪ್ರೀತಿಯ ದೊಡ್ಡಮ್ಮನಿಗೆ ನಮಸ್ಕಾರ.

ಮಂಡಿ ನೋವು ಹೇಗಿದೆ? ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ, ಬೈಯಬೇಡಿ.

ಕಟ್ಟುವ ಮೊದಲೇ ಕಟ್ಟಡವನ್ನು ಕಂಪ್ಯೂಟರಿನಲ್ಲಿ ತೋರಿಸುವುದು ನನ್ನ ಕೆಲಸ ತಾನೇ? ಹೊಸ ಗ್ರಂಥಾಲಯದ ಅನಿಮೇಶನ್‌ನಲ್ಲಿ ಮೆಟ್ಟಿಲ ತಿರುವು ಬಿಕೋ ಎನ್ನುತ್ತಿತ್ತು. ಅನಿಮೇಶನ್‌ಗೆ ಹಾಕಲು ನಮ್ಮಲ್ಲಿರುವ ರೆಡಿಮೇಡ್ ಮನುಷ್ಯರೆಲ್ಲ ರೈಲು ಹಿಡಿಯಲು ಹೊರಟವರಂತೆ ಓಡುವವರೇ. ಅದಕ್ಕೇ ನಿಮ್ಮ ಫೋಟೋ ನೋಡಿ ಕಂಪ್ಯೂಟರಿನಲ್ಲಿ ನಿಮ್ಮನ್ನೇ ಮಾಡಿ ಅಲ್ಲಿಟ್ಟೆ. ಫೋಟೋದಲ್ಲಿ ನೀವು ಕೂತಿದ್ದಿರಿ, ಗಾಳಿಯಲ್ಲಿ ಕೂರಿಸಲಾದೀತೇ? ಕೆಳಗೊಂದು ಬೆಂಚು ಹಾಕಿದೆ. ನಕ್ಷೆಯಲ್ಲಿ ಅದು ಇರಲೇ ಇಲ್ಲ.

ಗ್ರಂಥಾಲಯ ಕಟ್ಟಿಸುವವರಿಗೆ ಅದನ್ನು ತೋರಿಸಿದೆ. "ಆ ಅಮ್ಮ ಎಷ್ಟು ಆರಾಮಾಗಿ ಕೂತಿದಾರೆ! ಬೆಂಚು ಇರ್ಲಿ ಬಿಡಿ," ಅಂದರು. ಈಗ ಗ್ರಂಥಾಲಯ ಕಟ್ಟಿ ಮುಗಿದಿದೆ, ಬೆಂಚು ನಿಜವಾಗಿಯೂ ಅಲ್ಲಿದೆ.

ಚಿಕ್ಕವಳಿದ್ದಾಗ ನನ್ನನ್ನು ಮೂರನೇ ಮಹಡಿಯ ಡ್ರಾಯಿಂಗ್ ಕ್ಲಾಸಿಗೆ ಕರೆದೊಯ್ಯುತ್ತಿದ್ದಿರಿ. ಪ್ರತಿ ತಿರುವಿನಲ್ಲೂ ಗೋಡೆ ಹಿಡಿದು ನಿಂತು, "ನೀ ನಡಿ ಪುಟ್ಟಿ, ನಾನ್ ಬಂದೆ," ಅನ್ನುತ್ತಿದ್ದಿರಿ. ಅಲ್ಲಿ ಕೂರಲು ಏನೂ ಇರಲಿಲ್ಲ.

ಭಾನುವಾರ ಗ್ರಂಥಾಲಯ ನೋಡಲು ಬನ್ನಿ. ಬೆಂಚಿನಲ್ಲಿ ಯಾರಾದರೂ ಕೂತಿದ್ದರೆ "ಇದು ನಂದು" ಅಂತ ಎಬ್ಬಿಸಬೇಡಿ, ಸ್ವಲ್ಪ ಸರಿಯಲು ಹೇಳೋಣ. ಉದ್ದವಾಗಿಯೇ ಮಾಡಿದ್ದೇನೆ. ಈ ಸಲ ನಿಮ್ಮನ್ನು ಬಿಟ್ಟು ನಾನು ಮುಂದೆ ನಡೆಯುವುದಿಲ್ಲ.

ನಿಮ್ಮ
ಪುಟ್ಟಿ