ಟಿಕ್ ಬಿದ್ದ ಕನಸು

ಜನವರಿ 12, ಬೆಳಿಗ್ಗೆ

ಇವತ್ತಿನ ಪ್ಲಾನ್ ಹಾಕಿದ್ದಾಯಿತು. ಏಳನೇ ತರಗತಿಗೆ ಭೂಗೋಳ, ಎಂಟನೆಯದಕ್ಕೂ ಭೂಗೋಳ, ನಡುವೆ ಒಂದು ಬಟ್ಟಲು ಚಹಾ. ಈ ಡೈರಿ ಆ್ಯಪ್ ದಿನಾ ಕೇಳುತ್ತದೆ: 'ಇಂದು ಮನಸ್ಸು ಹೇಗಿದೆ?' ಸಾಲಾಗಿ ಮುಖಗಳನ್ನು ತೋರಿಸಿ ಒಂದನ್ನು ಆರಿಸು ಅನ್ನುತ್ತದೆ. ನಿದ್ದೆಗಣ್ಣಿನ ಮುಖ ಇಟ್ಟಿಲ್ಲ. ಇಟ್ಟಿದ್ದರೆ ನನ್ನ ಬೆರಳಿಗೆ ಕೆಲಸ ಕಡಿಮೆ.

ಇದರಲ್ಲಿ ಎರಡು ಪುಟ. ಇದು ನನ್ನದು, ನನ್ನೊಬ್ಬಳದು. ಇನ್ನೊಂದು 'ಮನೆ' — ನಾನು, ಗಂಡ ಸಮತ್, ಅತ್ತೆ, ಸಮತ್‌ನ ತಂಗಿ ಅನಾರಾ, ಎಲ್ಲರೂ ನೋಡುವಂಥದ್ದು. ಹಿಟ್ಟು, ಕಲ್ಲಿದ್ದಲು, ಹಸುವಿಗೆ ಹುಲ್ಲು. ಸಾಲಿನ ಮುಂದೊಂದು ಚೌಕ. ಕೆಲಸ ಮುಗಿದರೆ ಟಿಕ್. ಸೊಸೆಯಾದವಳು ಅತ್ತೆಯ ಹೆಸರೆತ್ತುವಂತಿಲ್ಲ. ಆ್ಯಪ್ ಮಾತ್ರ ಹೆಸರು ಕೊಡದೆ ಯಾರನ್ನೂ ಒಳಗೆ ಬಿಡುವುದಿಲ್ಲ. 'ಅಪಾ', ಅಂದರೆ ಅಮ್ಮ, ಎಂದು ಬರೆದು ಸಂಪ್ರದಾಯಕ್ಕೂ ಸಾಫ್ಟ್‌ವೇರಿಗೂ ರಾಜಿ ಮಾಡಿಸಿದ್ದೇನೆ.

ಮತ್ತೆ... ಬಸುರಿ. ಸಮತ್‌ಗೆ ಬಿಟ್ಟು ಯಾರಿಗೂ ಹೇಳಿಲ್ಲ. ಹೋದ ವರ್ಷದ್ದು ನಿಲ್ಲಲಿಲ್ಲ. ಇದು ನಿಲ್ಲಬೇಕು.

ಜನವರಿ 15

ಹಿಮ. ನಮ್ಮ ಕಾರಾಕೊಲ್ ಊರು ಹಾಲಿನ ಪಾತ್ರೆಗೆ ಬಿದ್ದ ಹಾಗಿದೆ, ಯಾರೂ ಎತ್ತುತ್ತಿಲ್ಲ. ಶಾಲೆಗೆ ನಡೆದೆನೋ ತೇಲಿದೆನೋ ತಿಳಿಯದು. ಮಕ್ಕಳಿಗೆ ಸಮಭಾಜಕ ವೃತ್ತ ತೋರಿಸಲು ಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟೆ. ಯಾರೂ ಗಮನಿಸಲಿಲ್ಲ. ಭೂಮಿಯೂ ಗಮನಿಸದೆ ತಿರುಗುತ್ತಿತ್ತು.

ಜನವರಿ 19, ಮಧ್ಯಾಹ್ನ, ಸ್ಟಾಫ್ ರೂಮ್

ಅನಾಹುತ.

ಬೆಳಗಿನ ಜಾವ ಕನಸು. ಸರೋವರದ ಮೇಲೆ ನಡೆಯುತ್ತಿದ್ದೆ, ಅಂಗಾಲಿಗೆ ನೀರು ಬೆಚ್ಚಗೆ. ಕಿವಿಯ ಬೆಳ್ಳಿ ಓಲೆ ಕಳಚಿಕೊಂಡಿತು. ಅವಸರವೇ ಇಲ್ಲದೆ ಇಳಿಯಿತು — ಯಾರೋ ದೀಪ ಹಿಡಿದು ಮೆಟ್ಟಿಲಿಳಿದು ಹೋದ ಹಾಗೆ. ನಾನು ಬಗ್ಗಿ ನೋಡುತ್ತಲೇ ಇದ್ದೆ.

ಕನಸಿನ ಓಲೆ ಎಂದರೆ ಹೆಣ್ಣು ಮಗು. ನಮ್ಮಲ್ಲಿ ಕೂಸುಗಳಿಗೂ ಗೊತ್ತು. ಕಳಚಿ ಬಿದ್ದರೆ... ಬರೆಯುವುದಿಲ್ಲ. ಕನಸನ್ನು ಮೊದಲು ಕೇಳಿದವರು ಏನು ಅರ್ಥ ಹೇಳುತ್ತಾರೋ ಹಾಗೆಯೇ ಆಗುತ್ತದಂತೆ. ಹೋದ ವರ್ಷದ ಕನಸನ್ನು ಮೊದಲು ಕೇಳಿದವಳು ಅನಾರಾ. "ಅಯ್ಯೋ ಅತ್ತಿಗೆ, ಇದು ಒಳ್ಳೇದಲ್ಲ" ಅಂದಳು. ಆಮೇಲೆ ಒಳ್ಳೆಯದಾಗಲಿಲ್ಲ. ಕಾಲೇಜಿನಲ್ಲಿ ಓದಿದವಳು ನಾನು, ಇದನ್ನೆಲ್ಲ ನಂಬುವುದಿಲ್ಲ. ನಂಬದಿದ್ದರೂ ಅನಾರಾ ಕಂಡರೆ ಬಾಯಿಗೆ ಬೀಗ.

ಕೆಟ್ಟ ಕನಸನ್ನು ಹರಿಯುವ ನೀರಿಗೆ ಹೇಳಿಬಿಡಬೇಕು. ನಲ್ಲಿ ಹೆಪ್ಪುಗಟ್ಟಿ ಮೌನವ್ರತ ಹಿಡಿದಿದೆ. ಹೊಳೆಗೆ ಹೋದರೆ ಅತ್ತೆ ಯಾಕೆ ಅನ್ನುತ್ತಾರೆ. ಅದಕ್ಕೇ ಹಾಸಿಗೆಯಲ್ಲೇ ಫೋನ್ ತೆಗೆದೆ. ಬರೆದದ್ದೆಲ್ಲ ಕ್ಲೌಡಿಗೆ ಹೋಗುತ್ತದಲ್ಲ. ಮೋಡಕ್ಕೆ ಹೇಳಿದರೆ ಎಂದಾದರೂ ಮಳೆಯಾಗಿ ನೀರಿಗೇ ಬಂದೀತು ಎಂದು ಒಂದು ಕಣ್ಣು ಮುಚ್ಚಿಕೊಂಡೇ ಬರೆದೆ: 'ಓಲೆ ಸರೋವರಕ್ಕೆ ಬಿತ್ತು. ನೀರೇ, ಇದನ್ನು ತೆಗೆದುಕೊಂಡು ಹೋಗು.'

ಬರೆದದ್ದು 'ಮನೆ' ಪುಟದಲ್ಲಿ. ಕಲ್ಲಿದ್ದಲಿನ ಕೆಳಗೆ, ಈರುಳ್ಳಿಯ ಮೇಲೆ.

ಈಗ ನೋಡಿದರೆ ಅದರ ಮುಂದೆ ಟಿಕ್. ಯಾರೋ ಒತ್ತಿದ್ದಾರೆ. ಕೆಲಸ ಮುಗಿಯಿತಂತೆ. ಏನು ಮುಗಿಯಿತು?

ಅದೇ ದಿನ, ಸಂಜೆ

ಯಾರು ಒತ್ತಿದರೆಂದು ಆ್ಯಪ್ ಹೇಳುವುದಿಲ್ಲ. ದುಡ್ಡು ಕೊಟ್ಟವರಿಗೆ ಮಾತ್ರ ಚಾಡಿ ಹೇಳುತ್ತದೆ. ಸಮತ್‌ಗೆ ಫೋನ್ ಮಾಡಿದೆ. ಅವನು ಓಡಿಸುವ ಲಾರಿ ನಾರಿನ್ ಊರಿನ ದಾರಿಯಲ್ಲಿತ್ತು.

"ನಾನಲ್ಲ ಬುರುಲ್. ಆ ಲಿಸ್ಟ್ ತೆಗೆದ್ರೆ ಏನಾದ್ರೂ ತರ್ಬೇಕಾಗುತ್ತೆ ಅಂತ ನಾನು ತೆಗೆಯೋದೇ ಇಲ್ಲ."

"ಅನಾರಾ ಏನಾದ್ರೂ..."

"ಅವಳು ಓದಿದ್ರೆ ಇಷ್ಟೊತ್ತಿಗೆ ಇಡೀ ಬಜಾರಿಗೆ ಗೊತ್ತಾಗಿರ್ತಿತ್ತು. ಊಟ ಮಾಡು. ಮಲಕ್ಕೋ."

ಅತ್ತೆ ಅಡುಗೆಮನೆಯಲ್ಲಿದ್ದಾರೆ. ನೂಡಲ್ಸ್ ಹಿಟ್ಟನ್ನು ಅದು ಯಾರದೋ ತಪ್ಪು ಎನ್ನುವ ಹಾಗೆ ನಾದುತ್ತಿದ್ದಾರೆ. ಹೊಟ್ಟೆಯ ಕೆಳಗೆ ಎಳೆದ ಹಾಗೆ. ಎಳೆತವೋ ಭಯವೋ... ಭಯಕ್ಕೆ ಬೇರೆ ಜಾಗ ಇರಬಾರದಿತ್ತೇ.

ಜನವರಿ 20

ಒಲೆಯ ಪಕ್ಕ ಅತ್ತೆಯ ದಪ್ಪ ಉಣ್ಣೆ ಬೂಟು ಒಣಗಲು ಇಟ್ಟಿದೆ. ಮೊಣಕಾಲಿನವರೆಗೂ ತೊಯ್ದದ್ದು.

"ಎಲ್ಲಿಗೆ ಹೋಗಿದ್ರಿ ಅಪಾ?"

"ಹೊಳೆಗೆ. ನಿನ್ನೆ ಬೆಳಿಗ್ಗೆ."

"ಈ ಚಳೀಲಿ? ಯಾಕೆ?"

"ಯಾಕೆ ಅಂದ್ರೆ? ಲಿಸ್ಟಲ್ಲಿ ಹಾಕಿದ್ಯಲ್ಲ. ಕೆಲಸ ಹಾಕೋಳು ನೀನು, ಮಾಡೋಳು ನಾನು. ಹೋದೆ, ಕೊಡಲೀಲಿ ಮಂಜುಗಡ್ಡೆ ಒಡ್ದೆ, ಹೇಳ್ದೆ. ಹೇಳಿ ಟಿಕ್ ಹಾಕ್ದೆ."

"ನೀವೇ... ನೀರಿಗೆ?"

"ನೀನು ಬರ್ದಿದ್ದನ್ನೇ ಓದಿದೆ. ಕನ್ನಡಕ ಮರೆತಿದ್ದೆ, ತರೋವರ್ಗೂ ಹೊಳೆ ಕಾಯ್ತು."

ನಗಬೇಕೋ ಅಳಬೇಕೋ. ಎರಡನ್ನೂ ಮುಂದಕ್ಕೆ ಹಾಕಿ ಕೇಳಿದೆ: "ನೀವು ಮೊದಲು ಓದಿದ್ರಿ. ಅರ್ಥ... ಏನಂದ್ಕೊಂಡ್ರಿ?"

ಅತ್ತೆ ಹಿಟ್ಟಿನ ಕೈ ಒರೆಸಿಕೊಂಡರು. ಬೈಯುವಾಗಿನ ದನಿಯಲ್ಲೇ ಹೇಳಿದರು.

"ಓಲೆ ನೀರಿಗೆ ಬಿತ್ತು ಅಂತ ಹೆದರ್ಕೊಂಡ್ಯಾ? ಅದು ಇನ್ನೂ ಎಷ್ಟೋ ತಿಂಗಳು ನೀರಲ್ಲೇ ಇರ್ಬೇಕಲ್ಲೇ. ನೀರಲ್ಲಿ ಅಲ್ದೆ ಇನ್ನೆಲ್ಲಿ ಇರುತ್ತೆ, ಒಲೆ ಮೇಲಾ? ಇರೋ ಜಾಗದಲ್ಲಿ ಇದೆ. ಮೊದಲು ಓದ್ದೋಳು ನಾನು, ನನ್ನ ಮಾತೇ ಆಗೋದು. ಹೋಗು, ಕಲ್ಲಿದ್ದಲು ಎತ್ಬೇಡ, ನಾನು ತರ್ತೀನಿ."

ಅವರಿಗೆ ಯಾವಾಗ ಗೊತ್ತಾಯಿತು ಎಂದು ಕೇಳಲಿಲ್ಲ. ಇಂದು ಮನಸ್ಸು ಹೇಗಿದೆ ಎಂದು ಆ್ಯಪ್ ಕೇಳಿತು. ಎಲ್ಲ ಮುಖಗಳನ್ನೂ ಒತ್ತಿದೆ, ಒಂದೇ ಆರಿಸಬೇಕಂತೆ.

ಫೆಬ್ರವರಿ 9, ಆಸ್ಪತ್ರೆ

ಇಷ್ಟು ದಿನ ಇಲ್ಲಿ ಏನೂ ಬರೆಯಲಿಲ್ಲ. ಕನಸೂ ಬೀಳಲಿಲ್ಲ. ಬಿಳಿ ಬಿಳಿ ದಿನಗಳು, ಒಂದರೊಳಗೊಂದು ಕರಗಿ ಹೋದವು.

ಅತ್ತೆಯೂ ಬಂದಿದ್ದಾರೆ. ಒಳಗೆ ಬಿಡಲಿಲ್ಲ. ಬಾಗಿಲಲ್ಲಿ ಕೂತ ಹೆಂಗಸಿನ ಜೊತೆ ಜಗಳ ನಡೆದಿದೆ — "ಸೊಸೆ ನಂದು, ಬಾಗಿಲು ನಿಂದಾ?"

ಸ್ಕ್ಯಾನ್ ಆಯಿತು. ಮೊದಲು ಬರೆದುಬಿಡುತ್ತೇನೆ. ಡಾಕ್ಟರ್ ಪರದೆ ನೋಡುತ್ತಿದ್ದರು. ನಾನು ಚಾವಣಿ ನೋಡುತ್ತಿದ್ದೆ. ಅಲ್ಲೊಂದು ತೇವದ ಕಲೆ, ಯಾವ ಭೂಪಟದಲ್ಲೂ ಇಲ್ಲದ ದೇಶದ ಹಾಗೆ. ಆಮೇಲೆ ಅವರು ಒಂದು ಗುಂಡಿ ತಿರುಗಿಸಿ "ಎದೆಬಡಿತ ಕೇಳಿಸ್ತಾ?" ಅಂದರು. ದೂರದ ಹುಲ್ಲುಗಾವಲಿನಲ್ಲಿ ಕುದುರೆ ಓಡಿಬರುತ್ತಿತ್ತು. ನಿಲ್ಲದೆ. ನಿಲ್ಲುವ ಯೋಚನೆಯೇ ಇಲ್ಲದೆ.

ಅತ್ತೆ ಬಾಗಿಲು ಗೆದ್ದು ಒಳಗೆ ಬಂದರು. ಪಕ್ಕದಲ್ಲೇ ಕೂತಿದ್ದಾರೆ.

"ಆ ಫೋನಿಗೆ ಮೊದಲು, ನನಗೆ ಆಮೇಲಾ? ಇಡು ಅದನ್ನ. ಬಾಯಿ ಬಿಟ್ಟು ಹೇಳು."

ಇಡ್ತೀನಿ ಅಪಾ, ಇನ್ನೊಂದೇ ಸಾಲು. ಅವಳು—